ಗಾರ್ಡ್ ಕಾಯ್ತಾನರ ರವಿವಾರ

ಹುಬ್ಬಳ್ಳಿಯ ರೈಲ್ವೆ ಕಾರಖಾನೆಯ ಹಿಂದಿನ ಓಣಿಯಲ್ಲಿ ಗೋವೆ ಮೂಲದ ರೈಲು ಗಾರ್ಡ್ ಕಾಯ್ತಾನರದು ಒಂಟಿ ಸಂಸಾರ; ಆದರೆ ಅವರ ರವಿವಾರದ ಹಂದಿ ರೋಸ್ಟು ಮಾತ್ರ ತುಂಬಿದ ಮನೆಗಾಗುವಂಥದು. ಚರ್ಚಿನಿಂದ ಬಂದವರೇ ಮೊದಲು ಎರಡೂ ಮಗ್ಗುಲಿನ ಕಿಟಕಿಗಳನ್ನು ಸದ್ದಾಗದಂತೆ ಮುಚ್ಚುತ್ತಾರೆ. ಒಂದು ಕಡೆ ಲಿಂಗವಂತರ ಸಂಗವ್ವ, ಇನ್ನೊಂದು ಕಡೆ ಗೌಸಸಾಬರ ಮನೆ, ವಾಸನೆ ಯಾರಿಗೂ ತಟ್ಟಬಾರದು. ಆಮೇಲೆ ಮಾಂಸಕ್ಕೆ ಬೆಳ್ಳುಳ್ಳಿ, ಮೆಣಸು, ವಿನೆಗರ್ ತಿಕ್ಕಿ, ದಪ್ಪ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹೇರಿ, ಹೊಗೆಯಲ್ಲಿ ಕೆಮ್ಮುತ್ತ ಕೂಡುತ್ತಾರೆ. ಒಳಗೆ ಕೊಬ್ಬು ಚಟಪಟ ಎಂದರೆ ಅವರಿಗೆ ಸಿಗ್ನಲ್ ಬಿದ್ದ ಹಾಗೆ. ಚೂರಿ ಎತ್ತಿ, “ಗರಿಗರಿ ಚರ್ಮ ಯಾರಿಗೆ ಬೇಕ್ರಿ?” ಎಂದು ತಾವೇ ಕೇಳಿ, ತಮ್ಮ ತಾಟನ್ನೇ ಮುಂದೆ ಮಾಡಿ, “ಸಾಕ್ರಿ, ಸಾಕು” ಎಂದು ಉಪಚಾರದ ಮಾತನ್ನೂ ತಾವೇ ಆಡಿ, ಎರಡು ತುಂಡು ಹೆಚ್ಚೇ ಬಡಿಸಿಕೊಳ್ಳುತ್ತಾರೆ. ಒಂದು ರವಿವಾರ ಮಾತ್ರ ಜ್ವರ ಬಂದು ಒಲೆ ಹೊತ್ತಲಿಲ್ಲ, ಕಿಟಕಿ ಮುಚ್ಚಲಿಲ್ಲ. ಮಾಂಸದ ಮಾತೆತ್ತಿದರೇ ಸೆರಗಿನಿಂದ ಮೂಗು ಮುಚ್ಚುವ ಸಂಗವ್ವ ಬಿಸಿ ಗಂಜಿ ಹಿಡಿದು ಬಾಗಿಲಿಗೆ ಬಂದಳು: “ಯಾಕ್ರಿ ಗಾರ್ಡಸಾಹೇಬ್ರ, ಕಿಡಕಿ ಇನ್ನೂ ತೆರದ ಅದಾವ! ಮೈಯಾಗ ಆರಾಮಿಲ್ಲೇನ್ರಿ?” ಅವಳ ಬೆನ್ನಿಗೇ ಗೌಸಸಾಬರೂ ನಿಂತಿದ್ದರು. ಅಂದಿನಿಂದ ಕಾಯ್ತಾನರು ಕಿಟಕಿಗಳನ್ನು ಮೆಲ್ಲಗೆ ಮುಚ್ಚುವುದಿಲ್ಲ. ಎರಡೂ ಮನೆಗೆ ಕೇಳುವಂತೆ ಧಡ್ ಧಡ್ ಎಂದು ಮುಚ್ಚಿ, ಆಮೇಲೆಯೇ ಮಾಂಸಕ್ಕೆ ಕೈ ಹಾಕುತ್ತಾರೆ.