ಬೆಂಚಿನ ಮೇಲಿನ ಅರ್ಧ ಗಂಟೆ

ಬೆಳಿಗ್ಗೆ ಹನ್ನೊಂದೂಕಾಲಿಗೆ ಬೀದಿ ಕೊಳಾಯಿಯಲ್ಲಿ ನೀರು ಬಂತು. ಎಡವಟ್ಟು ಶುರುವಾದದ್ದು ಆಗ.

ತೊಂಬತ್ತರ ದಶಕದ ನಡುವಿನ ಮಾತು. ಕಾಂಗ್ರೆಸ್ ಗಿಡ ತರುವ ಅಲರ್ಜಿಯ ಮೇಲೆ ನನ್ನ ಪಿಎಚ್.ಡಿ. ಪೀಣ್ಯದ ಕಾರ್ಖಾನೆಗಳ ನಡುವಿನ ಖಾಲಿ ಸೈಟುಗಳಲ್ಲಿ ಆ ಗಿಡ ಸೊಂಟದೆತ್ತರ ಬೆಳೆಯುತ್ತಿತ್ತು. ಅದರ ಪರಾಗದಿಂದ ತೆಗೆದ ದ್ರಾವಣವನ್ನು ಅಲ್ಲಿನ ಊರಿನವರ ಮುಂಗೈ ಚರ್ಮದೊಳಗೆ ಒಂದು ಹನಿ ಚುಚ್ಚಿ, ದದ್ದು ಏಳುತ್ತದೆಯೇ ಎಂದು ನೋಡುತ್ತಿದ್ದೆವು. ಚುಚ್ಚುತ್ತಿದ್ದವರು ಡಾಕ್ಟರ್. ಮೈಗೆ ಒಗ್ಗದಿದ್ದರೆ ಗೊತ್ತಾಗಲೆಂದು, ಚುಚ್ಚಿಸಿಕೊಂಡವರನ್ನು ಆಮೇಲೆ ಅರ್ಧ ಗಂಟೆ ಅಂಗನವಾಡಿಯ ಬೆಂಚಿನ ಮೇಲೆ ಕೂರಿಸಿಕೊಳ್ಳುವುದು ನನ್ನ ಹೊಣೆ.

ಸೈಟುಗಳಲ್ಲಿ ಕಳೆ ಕಿತ್ತು ಕೈತುಂಬ ನವೆ ಹಿಡಿಸಿಕೊಂಡಿದ್ದ ಹೆಂಗಸೊಬ್ಬರು ಐದೇ ನಿಮಿಷಕ್ಕೆ ಎದ್ದರು.

"ನೀರು ಬಂದೈತೆ ಕಣವ್ವ, ಎಲ್ಡು ಬಿಂದಿಗೆ ಇಡ್ದು ಬತ್ತೀನಿ."

"ಅರ್ಧ ಗಂಟೆ ಕೂತ್ಕೋಬೇಕಮ್ಮ."

"ಇನ್ನು ನೀರು ಬರಾದು ನಾಳಿದ್ದು. ಅಲ್ಲೀಗಂಟ ನಿನ್ ಔಸ್ದಿ ಕುಡ್ಕಂಡಿರ್ಲೇನವ್ವಾ?"

ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕು ಬಿಟ್ಟುಕೊಟ್ಟೆ.

ಹತ್ತು ನಿಮಿಷದಲ್ಲಿ ಕೊಳಾಯಿ ಕಡೆಯಿಂದ ಕೂಗು. ಓಡಿದೆ. ಆಕೆ ನೆಲದ ಮೇಲಿದ್ದರು. ತುಟಿ, ಕಣ್ಣು ಊದಿ ಮುಖದ ಗುರುತೇ ಸಿಗದಂತಾಗಿತ್ತು. ಉಸಿರು ಸಿಳ್ಳಿನಂತೆ ಬರುತ್ತಿತ್ತು. ಫಿಟ್ಸ್ ಎಂದುಕೊಂಡು ಯಾರೋ ಅಂಗೈಗೆ ಬೀಗದ ಕೈಗಳ ಗೊಂಚಲು ತುರುಕುತ್ತಿದ್ದರು. ನನ್ನ ಹಿಂದೆಯೇ ಬಂದ ಡಾಕ್ಟರ್ ಸೀರೆಯ ಮೇಲಿಂದಲೇ ತೊಡೆಗೆ, ಅಲರ್ಜಿ ಇಳಿಸುವ ಅಡ್ರಿನಲಿನ್ ಚುಚ್ಚಿದರು. ಐದು ನಿಮಿಷ ಬಿಟ್ಟು ಇನ್ನೊಂದು. ಸಿಳ್ಳು ನಿಧಾನವಾಗಿ ಸಣ್ಣಗಾಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಆಕೆ ನನ್ನ ಕೈ ಹಿಡಿದು ಕೇಳಿದರು: "ಬಿಂದಿಗೆ ಯಾರ್ ಎತ್ಕಂಡ್ರು?"

ಎರಡು ದಿನಕ್ಕೆ ಆಕೆ ಮನೆಗೆ ಬಂದರು. ನನಗೆ ಮಾತ್ರ ಕಣ್ಣು ಮುಚ್ಚಿದರೆ ಆ ಸಿಳ್ಳು. ಕುಕ್ಕರ್ ಕೂಗಿದರೂ ಇವತ್ತಿಗೂ ಒಮ್ಮೆ ಬೆಚ್ಚುತ್ತೇನೆ.

"ಬಿಟ್ಬಿಡಮ್ಮ, ಲ್ಯಾಬಲ್ಲಿ ಇಲಿಗಳ ಮೇಲೆ ಮಾಡು," ಎಂದರು ಗೈಡ್.

"ಇಲ್ಲ ಸಾರ್. ನವೆ ಇರೋದು ಅವರಿಗೆ. ಇದನ್ನೇ ಮುಗಿಸ್ತೀನಿ."

ದ್ರಾವಣವನ್ನು ಇನ್ನಷ್ಟು ತೆಳು ಮಾಡಿದೆವು. ನೀರು ಬರುವ ದಿನ ಪರೀಕ್ಷೆಯೇ ಬೇಡವೆಂದು ಗೊತ್ತು ಮಾಡಿದೆವು. ಆದರೆ ಚುಚ್ಚಿಸಿಕೊಳ್ಳಲು ಯಾರೂ ಬರಲಿಲ್ಲ. ಮೂರು ವಾರ ನಾನೂ ಡಾಕ್ಟರೂ ಖಾಲಿ ಬೆಂಚು ನೋಡುತ್ತ ಕೂತು ಎದ್ದು ಬಂದೆವು.

ನಾಲ್ಕನೆಯ ವಾರ ಆಕೆಯ ಸೊಸೆ ಬಂದು ಕೈ ಚಾಚಿದಳು.

"ನಮ್ಮತ್ತೆ ಕಳ್ಸವ್ರೆ. ಅಲ್ಲಾಡಿದ್ರೆ ಕಾಲ್ ಮುರಿತೀನಿ ಅಂದವ್ರೆ."

ಅರ್ಧ ಗಂಟೆಯಲ್ಲ, ಒಂದು ಗಂಟೆ ಕೂರಿಸಿದೆ. ಎದ್ದದ್ದು ಒಂದು ಸಣ್ಣ ದದ್ದು, ಅಷ್ಟೆ. ಅಂದು ರಾತ್ರಿ ಹಾಸ್ಟೆಲಿನಲ್ಲಿ ಮಲಗಿದವಳು ಬೆಳಿಗ್ಗೆ ತಿಂಡಿಯ ಹೊತ್ತು ಮೀರಿದ ಮೇಲೆಯೇ ಎದ್ದೆ.