ಗಾದಿಯವನ ಗಂಟು

ಸೋಮವಾರ ಬೆಳಿಗ್ಗೆ ಯಲಬುರ್ಗಾ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಅಡ್ಡ ನಿಂತವನು ಗಾದಿ ಹೊಲಿಯುವ ಹೈದರಸಾಬನೇ ಎಂದು ಕಣ್ಣು ಮುಚ್ಚಿ ಹೇಳಬಹುದು. ತಲೆತುಂಬ ಹತ್ತಿ, ಕೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ ಡಬ್ಬಿ. ಧಾರವಾಡದಲ್ಲಿ ಕಾಲೇಜು ಓದುವ ಮಗಳು ನಾಹೀದಾಳಿಗೆ ಖಡಕ್ ರೊಟ್ಟಿ, ಎಣ್ಣೆ ತೇಲುವ ಚಟ್ನಿ. "ಡಬ್ಬಿ ಅಡ್ಡ ಮಾಡಬ್ಯಾಡ್ರಿ" ಎಂದು ಬಸ್ಸು ತಿರುವು ದಾಟುವವರೆಗೂ ಕಂಡಕ್ಟರನಿಗೆ ಕೂಗುತ್ತಾನೆ. ಫೋನನ್ನು ನಂಬುವವನಲ್ಲ. "ಫೋನಿನ್ಯಾಗ ಉಂಡೀನಿ ಅಂತಾಳ್ರಿ. ಉಂಡದ್ದು ಡಬ್ಬಿಗೆ ಗೊತ್ತಿರತೈತಿ." ಧಾರವಾಡ ನಿಲ್ದಾಣದ ಹಣ್ಣಿನಂಗಡಿಯಲ್ಲಿ ಕಂಡಕ್ಟರ್ ಇಟ್ಟ ಬುತ್ತಿ ಒಯ್ದು, ಹೋದ ವಾರದ ಖಾಲಿ ಡಬ್ಬಿಯನ್ನು ಅವಳು ಅಲ್ಲಿ ಬಿಟ್ಟಿರುತ್ತಿದ್ದಳು. ಸಂಜೆ ಅದು ಬಂದೊಡನೆ ನಿಂತಲ್ಲೇ ಬಿಚ್ಚಿ ಮೂಸಿ, ಚೂರು ರೊಟ್ಟಿ ಉಳಿದಿದ್ದರೂ ನಿಲ್ದಾಣಕ್ಕೆಲ್ಲ ದೂರು ಹೇಳುತ್ತಿದ್ದ. ಈಚೆಗೆ ಮಗಳು ಫೋನ್ ಎತ್ತುವುದಿಲ್ಲ. "ಕಾಲೇಜಿಗೆ ಬರಬ್ಯಾಡ ಅಂದಾಳ್ರಿ" ಎಂದು ಒಮ್ಮೆ ಮಾತ್ರ ಹೇಳಿದ. ಈಗ ಸಂಜೆ ಬಂದ ಡಬ್ಬಿಯನ್ನು ಅವನು ನಿಲ್ದಾಣದಲ್ಲಿ ಬಿಚ್ಚುವುದೂ ಇಲ್ಲ. ಬಟ್ಟೆಗೆ ಅವನು ಹಾಕುವುದು ಗಾದಿಗೆ ಹಾಕುವ ಗಂಟು. ಒಮ್ಮೆ ಬಿಚ್ಚಿದರೆ ಮತ್ತೆ ಹಾಗೆ ಹಾಕಲು ಬೇರೆಯವರಿಗೆ ಬರದು. ಅದೇ ಗಂಟು ವಾರವಾರ ಹಾಗೆಯೇ ಮರಳುತ್ತಿದೆ. "ಉಂಡಾಳೇನೋ ಮಗಳು?" ಎಂದು ಕೇಳುತ್ತಿದ್ದ ಕಂಡಕ್ಟರ್ ಈಗ ಎರಡೂ ಕೈಯಿಂದ ಡಬ್ಬಿ ಇಳಿಸುತ್ತಾನೆ. "ಖಾಲಿ ಮಾಡ್ಯಾಳ್ರಿ" ಎನ್ನುತ್ತ ಹೈದರಸಾಬ ಅದನ್ನು ಹೆಗಲಿಗೇರಿಸಿಕೊಳ್ಳುತ್ತಾನೆ.