ಖಂಡೇನವಮಿಗೆ ಬಾಗಿಲು ಹಾಕಿಸಿದ ಅಂಬುಜಾ

ನಾಗಪುರದ ಕಳಮನಾ ಮಾರುಕಟ್ಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಣಸಿನಕಾಯಿ ಘಾಟಿಗೆ ನಾನು ಒಂದೇ ಸಮನೆ ಸೀನುತ್ತಿದ್ದೇನೆ. ಅಂಬುಜಾ ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು, ಶೆಡ್ಡಿನ ಬಾಗಿಲಲ್ಲಿ ಗುಂಡಪ್ಪನವರ ಜೊತೆ ಜಗಳಕ್ಕೆ ನಿಂತಿದ್ದಾರೆ. ಹಮಾಲಿ ಮಾಡಿ ಬೆನ್ನು ಸವೆಸಿಕೊಂಡ ಗುಂಡಪ್ಪ, ಒಬ್ಬನೇ ಆಳು ಲಾರಿಗೆ ಚೀಲ ಏರಿಸುವಂಥ ಯಂತ್ರ ಮಾಡಿದ್ದಾರೆ. ಇವತ್ತು ಖಂಡೇನವಮಿ, ಆಯುಧಪೂಜೆಯ ದಿನ. ಅದನ್ನು ಅಂಗಳಕ್ಕೆ ತಂದು, ಪೂಜೆ ಮಾಡಿ, ಎಲ್ಲರೆದುರು ನಡೆಸಿ ತೋರಿಸಬೇಕೆಂದು ಅವರ ಆಸೆ.

"ಪೂಜಿ ಬ್ಯಾಡ ಅನ್ನೂದಿಲ್ಲ ಗುಂಡಪ್ಪಣ್ಣ, ಬಾಗಲಾ ಹಾಕ್ಕೊಂಡು ಮಾಡ್ರಿ."

"ದೇವರ ಪೂಜಿ ಕದ್ದು ಮಾಡೂದೇನ್ರಿ ಅಕ್ಕಾರ?"

"ದೇವರು ಯಾರಿಗೂ ಹೇಳಂಗಿಲ್ಲ. ಮಂದಿ ಹೇಳ್ತಾರ!"

ಅಂಬುಜಾ ಪೇಟೆಂಟ್ ಏಜೆಂಟ್. ಗಂಡನ ಬ್ಯಾಂಕ್ ವರ್ಗಾವಣೆಯ ಹಿಂದೆ ಧಾರವಾಡದಿಂದ ಬಂದವರು, ವಕೀಲರೊಬ್ಬರ ಬಳಿ ಟೈಪಿಸ್ಟ್ ಆಗಿದ್ದು, ಪರೀಕ್ಷೆ ಕಟ್ಟಿ ಪಾಸಾದರು. ಈಗ, 2003ರಲ್ಲಿ, ಗಾಂಧಿಬಾಗಿನ ಬಟ್ಟೆ ಅಂಗಡಿಯ ಮೇಲಿನ ಕೋಣೆಯೇ ಆಫೀಸು. ಹೊಸದು ಕಂಡುಹಿಡಿದವರ ಮಾತು ಕೇಳಿ, ನಕ್ಷೆ ಬರೆಸಿ, ಅರ್ಜಿಯನ್ನು ಮುಂಬೈಗೆ ಕಳಿಸುತ್ತಾರೆ. ಹೊರದೇಶದ ಹಕ್ಕೂ ಬೇಕೆಂದವರಿಗೆ ಅದರ ದಾರಿಯನ್ನೂ ತೋರಿಸುತ್ತಾರೆ. ಆದರೆ ಅರ್ಜಿಗಿಂತ ಮೊದಲು ಬಹಿರಂಗವಾಗಿ ತೋರಿಸಿದರೆ ಮುಗಿಯಿತು, ಅದು ಹೊಸದೆಂಬ ಹಕ್ಕೇ ಹೋಗಿಬಿಡುತ್ತದೆ.

"ಸಾವನೇರ್ ಗಣಿಯವರೊಬ್ರು ಚಲೋ ದೀಪಾ ಮಾಡಿದ್ರು. ನನ್ನ ಕಡೆ ಬರೂಕಿಂತ ಮೊದಲ ಪ್ರದರ್ಶನದಾಗ ಇಟ್ಟಿದ್ರು. ಆಗೂದಿಲ್ಲ ಅಂತ ಹೇಳಿ, ಮನಿಗೆ ಬಂದು ಅತ್ತಬಿಟ್ಟೆ ನೋಡ್ರಿ."

ಪಾಪ ಅನ್ನಿಸಿತು. ಆದರೂ ನಮ್ಮ ಪತ್ರಕರ್ತರ ಕಸುಬು ಬಿಡಬೇಕಲ್ಲ! ಯಂತ್ರದತ್ತ ಕ್ಯಾಮೆರಾ ಎತ್ತುತ್ತೇನೆ. ಅಂಬುಜಾರ ಅಂಗೈ ಬಂದು ಲೆನ್ಸ್ ಮುಚ್ಚುತ್ತದೆ.

"ನೀವೂ ಮಂದೀನರಿ!"

ಕೊನೆಗೆ ಗುಂಡಪ್ಪನವರ ಹೆಂಡತಿ ಲಕ್ಷ್ಮವ್ವ, "ಅಕ್ಕಾರ ಹೇಳೂದು ಬರೋಬರ್ ಐತಿ" ಎಂದು ಬಾಗಿಲು ಎಳೆಯುತ್ತಾರೆ. ಒಳಗೆ ನಾವು ನಾಲ್ವರೇ. ಹೊರಗಿನಿಂದ ಯಾರೋ ಮರಾಠಿಯಲ್ಲಿ, "ಕಾಯ್ ಲಪವತೋಸ್ ರೇ ಗುಂಡ್ಯಾ?" ಎಂದು ಏನನ್ನು ಮುಚ್ಚಿಡುತ್ತಿದ್ದಾನೆಂದು ಕೆಣಕಿ ನಗುತ್ತಾರೆ. ಗುಂಡಪ್ಪ ಯಂತ್ರಕ್ಕೆ ಕುಂಕುಮ ಹಚ್ಚುತ್ತಾರೆ. ನೋಡುವುದು ಕಷ್ಟವಾಯಿತು.

ಆಮೇಲೆ, ದೀಪಾವಳಿಗೆ ಮುಂಚೆಯೇ, ಮುಂಬೈಯಲ್ಲಿ ಅರ್ಜಿ ದಾಖಲಾಯಿತು. ಅಲ್ಲಿಯವರೆಗೆ ಬರೆಯುವಂತಿರಲಿಲ್ಲ, ಈ ಬರಹ ಇಷ್ಟು ತಡವಾದದ್ದೂ ಅದಕ್ಕೇ. ಇಂದು ಯಂತ್ರ ಅಂಗಳದಲ್ಲಿದೆ, ಅಂದು ನಕ್ಕ ಹಮಾಲರೇ ಸರದಿಗೆ ನಿಂತು ಚೀಲ ಏರಿಸುತ್ತಿದ್ದಾರೆ. ಗುಂಪಿನ ಹಿಂದೆ ನಿಂತಿದ್ದ ಅಂಬುಜಾರನ್ನು ಹೇಗನ್ನಿಸುತ್ತಿದೆ ಎಂದು ಕೇಳಿದೆ.

"ಯಾರರೆ ಹೊಸಾದು ಮಾಡಿದ್ರ ಮೊದಲ ನಾನ ನೋಡ್ತೀನ್ರಿ. ಆದ್ರ ಚಪ್ಪಾಳಿ ಹೊಡಿಯೂ ಹಂಗಿಲ್ಲ, ಹೊರಗ ಕೇಳಸ್ತದ. ಇವತ್ತ ಹೊಡದೆ ನೋಡ್ರಿ, ಕೈ ಉರೀಲಿಕ್ಕತ್ತಾವ."